ಅಣ್ಣನಿಗೆ ಒಗ್ಗದ ಸಾಫ್ಟ್‌ವೇರ್

ಸಂಗೀತದ ಸಾಫ್ಟ್‌ವೇರ್ ಆರಿಸುವುದಕ್ಕೆ ಜನ ಎಂತೆಂಥ ಕಾರಣ ಕೊಡುತ್ತಾರೆ! ಸದ್ದು ಶುದ್ಧವಾಗಿ ಬರುತ್ತದೆ, ಕಂಪ್ಯೂಟರ್ ಬಿಸಿಯಾಗುವುದಿಲ್ಲ, ದೊಡ್ಡ ದೊಡ್ಡವರೆಲ್ಲ ಅದನ್ನೇ ಬಳಸುತ್ತಾರೆ. ನನಗಿದ್ದದ್ದು ಒಂದೇ ಕಾರಣ. ನನ್ನ ಅಣ್ಣನಿಗೆ ಅದನ್ನು ಕಂಡರಾಗಬಾರದು.

ನಾವಿಬ್ಬರೂ ಸೇರಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇವೆ. ಕುಣಿಯುವ ಹಾಲ್‌ಗಳಿಗೆ, ಜಾಹೀರಾತಿಗೆ, ಒಮ್ಮೊಮ್ಮೆ ನಾಟಕಕ್ಕೆ. ಅತ್ತಿಗೆಯ ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಯೇ ಸ್ಟುಡಿಯೋ. ಗೋಡೆಗೆ ಹಳೇ ಹಾಸಿಗೆ ಜಡಿದು, ಕಿಟಕಿಗೆ ಹಲಗೆ ಹೊಡೆದಿದ್ದೇವೆ. ಬಾಗಿಲು ಹಾಕಿಕೊಂಡರೆ ಹೊರಗೆ ಬಿಸಿಲೋ ಮೋಡವೋ ಗೊತ್ತಾಗುವುದಿಲ್ಲ. ಮೌಸ್ ಯಾವಾಗಲೂ ಅಣ್ಣನ ಕೈಯಲ್ಲಿ. ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದರೂ ಆ ಕೋಣೆಯಲ್ಲಿ ನಾನು ಇನ್ನೂ ಪುಟ್ಟಿ.

ಅಣ್ಣ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು! ನಾಲ್ಕು ಮಾತು ಬೈದು ಎದ್ದು ಬಂದುಬಿಡುತ್ತಿದ್ದೆ. ಆದರೆ ಯಾರಾದರೂ ಹೊಗಳಿದರೆ "ಅದೆಲ್ಲ ನನ್ನ ತಂಗೀದು" ಎಂದು ನನ್ನನ್ನು ಮುಂದೆ ತಳ್ಳುವವನು ಅವನು. ಅಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ, ಬಿಡುವುದಕ್ಕೂ ಆಗುವುದಿಲ್ಲ.

ನಮ್ಮ ಹಳೇ ಸಾಫ್ಟ್‌ವೇರಿನಲ್ಲಿ ಅವನೊಂದು ಟೆಂಪ್ಲೇಟ್ ಮಾಡಿಟ್ಟಿದ್ದಾನೆ. ಹೊಸ ಹಾಡೆಂದರೆ ಅದನ್ನು ತೆರೆದು ಕೂರುವುದು. ಪರದೆಯ ಮೇಲ್ಸಾಲಿನಲ್ಲಿ ಡ್ರಮ್, ಕೆಂಪು ಬಣ್ಣ. ತಗ್ಗು ಸದ್ದಿನ ಬೇಸ್ ಅದರ ಕೆಳಗೆ, ನೀಲಿ. ಎಲ್ಲಕ್ಕಿಂತ ಅಡಿಯ ಸಾಲಿನಲ್ಲಿ ಹಳೇ ಫ್ರಿಜ್ಜಿನಂಥ ಒಂದು ಸಣ್ಣ ಗುಂಯ್ ಸದ್ದು. ಹಾಡು ಎಲ್ಲಿ ನಿಂತರೂ ಅದು ನಿಲ್ಲುವುದಿಲ್ಲ. ಕೇಳುವವರು ಅದನ್ನು ನಮ್ಮ ಶೈಲಿ ಎನ್ನುತ್ತಾರೆ. ಶೈಲಿಯೂ ಇಲ್ಲ, ಮಣ್ಣೂ ಇಲ್ಲ. ಅಣ್ಣನ ಎಡಗಿವಿ ಕೆಟ್ಟಿದೆ. ಸುತ್ತ ಸದ್ದಿಲ್ಲದಿದ್ದರೆ ಅದರೊಳಗೆ ಶಿಳ್ಳೆ ಶುರುವಾಗುತ್ತದೆ, ಅದನ್ನು ಮುಚ್ಚುವುದಕ್ಕೆ ಈ ಗುಂಯ್. ಬಲಗಿವಿಗೂ ತೀರಾ ಮೇಲಿನ ಸದ್ದುಗಳು ಸರಿಯಾಗಿ ತಾಕುವುದಿಲ್ಲ. ತಾಳದ ಸದ್ದು ಕಿವಿಗೆ ಚುಚ್ಚುತ್ತಿದೆಯೇ ಎಂದು ತಿಳಿಯಲು ಅವನು ನನ್ನ ಮುಖ ನೋಡುತ್ತಾನೆ. ನಾನು ಹುಬ್ಬು ಗಂಟಿಕ್ಕಿದರೆ ಇಳಿಸುತ್ತಾನೆ. ಇದು ನಮ್ಮಿಬ್ಬರಿಗೆ, ಅತ್ತಿಗೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅವನಿಗೆ ಕೆಲಸ ಕೊಡುವವರು ಯಾರು?

ಹೀಗಿರುವಾಗ ಒಬ್ಬ ನೃತ್ಯ ನಿರ್ದೇಶಕಿ ನನ್ನನ್ನು ಒಬ್ಬಳನ್ನೇ ಕರೆಸಿ ಮಾತಾಡಿದರು.

"ನಿಮ್ಮಿಬ್ಬರದ್ದು ಕೇಳಿದ್ದೀನಿ. ನನಗೆ ನಿಮ್ಮೊಬ್ಬರದ್ದು ಬೇಕು. ನಡುನಡುವೆ ಸಂಗೀತ ಪೂರ್ತಿ ನಿಲ್ಲಬೇಕು, ಕುಣಿಯೋರ ಉಸಿರು ಕೇಳಿಸ್ಬೇಕು. ಆಗುತ್ತಾ?"

ಹಿಂದುಮುಂದು ನೋಡದೆ ಹ್ಞೂಂ ಅಂದುಬಿಟ್ಟೆ. ಎಷ್ಟು ವರ್ಷಗಳಿಂದ ನನಗೆ ಬೇಕಾಗಿದ್ದದ್ದು ಅದೇ: ನನ್ನದೇ ಒಂದು ಸಂಗೀತ, ಅದರೊಳಗೆ ಸ್ವಲ್ಪ ಮೌನ. ಆದರೆ ಮನೆಗೆ ಬಂದು ಅಣ್ಣನ ಮುಂದೆ ನಿಂತಾಗ ಬಾಯಿಂದ ಬಂದದ್ದೇ ಬೇರೆ.

"ಅಣ್ಣ, ನಾನೊಂದು ಹೊಸ ಸಾಫ್ಟ್‌ವೇರ್ ಕಲೀಬೇಕು ಅಂತಿದ್ದೀನಿ."

ನಾನು ಆರಿಸಿದ್ದು ಚೌಕಗಳದ್ದು. ನಮ್ಮ ಹಳೆಯದರಲ್ಲಿ ಹಾಡು ಎಡದಿಂದ ಬಲಕ್ಕೆ ಬರೆದಂತೆ ಸಾಗುತ್ತದೆ. ಇದರಲ್ಲಿ ಒಂದೊಂದು ತುಣುಕು ಒಂದೊಂದು ಚೌಕದಲ್ಲಿ ಕೂತಿರುತ್ತದೆ. ಬೇಕಾದ್ದನ್ನು ಬೇಕಾದಾಗ ಒತ್ತಬಹುದು, ಯಾವುದನ್ನೂ ಒತ್ತದೆ ಸುಮ್ಮನೂ ಇರಬಹುದು. ಅಣ್ಣ ಬಗ್ಗಿ ನೋಡಿ ಮುಖ ಸಿಂಡರಿಸಿದ.

"ಇದೇನೇ ಇದು, ಸಂಗೀತಾನೋ ಮಾತ್ರೆ ಡಬ್ಬೀನೋ? ಬೆಳಗ್ಗೇದು ಒಂದ್ಕಡೆ, ಸಾಯಂಕಾಲದ್ದು ಒಂದ್ಕಡೆ!"

ನಾನೂ ನಕ್ಕೆ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಇಲ್ಲಿಗೆ ಇವನು ಕಾಲಿಡುವುದಿಲ್ಲ ಅಂದುಕೊಂಡೆ.

ಅದರ ಪುಕ್ಕಟೆ ಆವೃತ್ತಿಯನ್ನು ನನ್ನ ಕೋಣೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂತೆ. ಮೊದಲ ದಿನ ಕೆಲಸ ಸರಾಗವಾಗಿ ಓಡಿತು. ಬೆನ್ನು ನೆಟ್ಟಗೆ ಮಾಡಿ ಪರದೆಯನ್ನು ಪೂರ್ತಿಯಾಗಿ ನೋಡಿದೆ. ಡ್ರಮ್ ಮೇಲೆ, ಕೆಂಪು. ಬೇಸ್ ಕೆಳಗೆ, ನೀಲಿ. ಅಡಿಯಲ್ಲಿ ಗುಂಯ್. ಯಾರೂ ಹೇಳದೆ, ಯಾರೂ ಕೇಳದೆ, ಅಣ್ಣನ ಟೆಂಪ್ಲೇಟನ್ನು ನಾನೇ ನನ್ನ ಕೈಯಾರೆ ಮತ್ತೆ ಕಟ್ಟಿದ್ದೆ! ಮೈಯೆಲ್ಲ ಉರಿದುಹೋಯಿತು. ಎಲ್ಲ ಅಳಿಸಿ ಹಾಕಿದೆ. ಆಮೇಲೆ ಖಾಲಿ ಚೌಕಗಳು ನನ್ನನ್ನು ನೋಡುತ್ತ ಕೂತವು, ನಾನು ಅವುಗಳನ್ನು. ಕೈ ಏಳಲೇ ಇಲ್ಲ. ನನ್ನದು ಅಂತ ನನ್ನಲ್ಲಿ ಏನೂ ಇಲ್ಲವೇನೋ ಎಂದು ಅಳು ಬಂತು.

ಹಾಗೇ ದಿನಗಳು ಕಳೆದವು. ಕೊನೆಗೂ ಒಂದು ತುಣುಕು ಹುಟ್ಟಿತು. ಮೂರೇ ಸದ್ದು, ಮಧ್ಯೆ ಉದ್ದುದ್ದ ಮೌನ. ನೃತ್ಯದ ವಿಷಯ ಅತ್ತಿಗೆಗೆ ಮಾತ್ರ ಹೇಳಿದ್ದೆ; ಓಡಿಹೋಗಿ ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಒಬ್ಬರ ಕೂದಲಿಗೆ ಬಣ್ಣ ಹಚ್ಚುತ್ತಿದ್ದರು. ಬ್ರಶ್ ಹಿಡಿದುಕೊಂಡೇ ಕಣ್ಣು ಮುಚ್ಚಿ ಕೇಳಿದರು.

"ನಿಂತ್ಹೋಯ್ತಲ್ಲೇ?"

"ಇಲ್ಲ ಅತ್ತಿಗೆ, ಹಾಗೇ ಇರೋದು. ಇರಿ, ಬರುತ್ತೆ."

ಬಂತು. ಅತ್ತಿಗೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. "ಚೆನ್ನಾಗಿದೆ. ನಿಮ್ಮಣ್ಣಂಗೆ ಹೇಳಿದ್ಯಾ, ಬೇರೆ ಮಾಡ್ತೀನಿ ಅಂತ?"

"ಸಾಫ್ಟ್‌ವೇರ್ ವಿಷಯ ಹೇಳಿದ್ದೀನಿ."

"ಅಯ್ಯೋ, ನಾನೇನು ಕೇಳ್ದೆ, ನೀನೇನು ಹೇಳ್ತಿದ್ದೀಯ? ಹೋಗಿ ಬಾಯಿಬಿಟ್ಟು ಹೇಳು. ಏನಾಗುತ್ತೋ ಆಗ್ಲಿ."

ಅದೇ ಉತ್ಸಾಹದಲ್ಲಿ ಹಿಂದಿನ ಕೋಣೆಯ ಬಾಗಿಲು ತಳ್ಳಿದೆ. ಅಣ್ಣ ಪರದೆಯ ಮುಂದೆ ಕೂತಿದ್ದ. ಪರದೆಯ ತುಂಬ ಚೌಕಗಳು.

"ಬಾ ಬಾ, ನಿನ್ನೇ ಕಾಯ್ತಿದ್ದೆ," ಎಂದ. ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆ. "ಇದನ್ನ ಪಳಗಿಸೋಕೆ ಸಾಕುಸಾಕಾಯ್ತು ನೋಡು. ನಮ್ಮ ಹಳೇ ಹಾಡು ಎಲ್ಲಾನೂ ಇದಕ್ಕೆ ತಂದುಬಿಟ್ಟೆ. ಇನ್ಮೇಲೆ ನಿಂಗೂ ಆರಾಮು."

ನಾನು ಅವನ ಕುರ್ಚಿಯ ಪಕ್ಕಕ್ಕೆ ಹೋದೆ. ಹೇಗೋ ಧೈರ್ಯ ಮಾಡಿ ಅಂದೆ:

"ಅಣ್ಣ, ನಾನು ಇದನ್ನ ಆರಿಸಿದ್ದು ಸಾಫ್ಟ್‌ವೇರ್‌ಗೋಸ್ಕರ ಅಲ್ಲ. ನೀನು ಇದರ ಹತ್ರ ಬರಲ್ಲ ಅಂತ."

ಅವನು ಕತ್ತೆತ್ತಲಿಲ್ಲ. ನಾನು ನಿಂತದ್ದು ಎಡಗಡೆ, ಕೇಳಿಸಲಿಲ್ಲವೇನೋ ಎಂದು ಬಲಕ್ಕೆ ಹೋಗಿ ಇನ್ನೊಮ್ಮೆ ಹೇಳಿದೆ. ಅಂಥ ಮಾತನ್ನು ಎರಡನೇ ಸಲ ಹೇಳುವುದು ಎಷ್ಟು ಕಷ್ಟ!

"ಮೊದಲ್ನೇ ಸಲಾನೇ ಕೇಳಿಸ್ತು ಪುಟ್ಟಿ," ಎಂದ ಮೆಲ್ಲಗೆ. "ಆ ನೃತ್ಯದ ಮೇಡಂ ವಿಷಯಾನೂ ಯಾರೋ ಹೇಳಿದ್ರು. ಗೊತ್ತಾಗೇ ಅಲ್ವಾ ಇದನ್ನ ಕಲಿತಿದ್ದು? ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೇ ಬರ್ಬೇಕು ನಾನು. ಇನ್ನೇನ್ ಮಾಡ್ಲಿ? ನೀನಿಲ್ದೆ ನಂಗೆ ಏನೂ ಕೇಳ್ಸಲ್ವಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಕಣ್ಣಲ್ಲಿ ಭಯವಿತ್ತು. ಅದನ್ನು ನೋಡಿಯೂ ಬಿಟ್ಟು ಹೊರಡುವಷ್ಟು ಗಟ್ಟಿ ಎದೆ ನನಗಿರಲಿಲ್ಲ. ಅವನ ಮೇಲೆ ಕನಿಕರ ಹುಟ್ಟಿತು, ನನ್ನ ಮೇಲೆ ಅಸಹ್ಯವಾಯಿತು.

"ಆ ಮೇಡಂಗೆ ಏನ್ ಹೇಳ್ಲಿ?" ಎಂದೆ.

"ಇಬ್ರೂ ಮಾಡ್ತೀವಿ ಅನ್ನು."

ಫೋನ್ ತೆಗೆದು ಹಾಗೆಯೇ ಬರೆದೆ. ಕಳಿಸುವ ಮುಂಚೆ ಅವನಿಗೆ ಓದಿ ಹೇಳಿದೆ, ಜೋರಾಗಿ, ಬಲಗಡೆಯಿಂದ.