ಕನ್ನಡಿ ಗಾಡಿಗೆ ಹೊಸ ಎಣ್ಣೆ

ಗಾಜಿನ ಅಂಗಡಿಯವಳ ಪಿಕಪ್ಪಿಗೆ ಕೆಲವು ದಿನಗಳಿಂದ ಯೋಚನೆ ಮಾಡುವ ಕಾಯಿಲೆ ಅಂಟಿಕೊಂಡಿತ್ತು. ರಿವರ್ಸಿಗೆ ಹಾಕಿದರೆ ತಕ್ಷಣ ಹಿಂದಕ್ಕೆ ಹೋಗುತ್ತಿರಲಿಲ್ಲ. ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸಿ, ಆಮೇಲೆ ಯಾರೋ ಬೆನ್ನಿಗೆ ಗುದ್ದಿದ ಹಾಗೆ ಧಡಕ್ಕನೆ ನೆಗೆಯುತ್ತಿತ್ತು. ಇಟ್ಟಿಗೆ, ಮರಳು ಸಾಗಿಸುವವರಾಗಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅವಳು ಸಾಗಿಸುತ್ತಿದ್ದದ್ದು ಕನ್ನಡಿ. ಕ್ಷೌರದಂಗಡಿಗೆ ಹೊರಟಿದ್ದ ಆಳೆತ್ತರದ ಕನ್ನಡಿಯೊಂದು ಗೇಟು ದಾಟುವ ಮೊದಲೇ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟ ದಿನ ಅವಳು ಮೆಕ್ಯಾನಿಕ್ಕನನ್ನು ಕರೆಸಿದಳು.

ಅವನು ಬಾನೆಟ್ ಎತ್ತಿ, ಗೇರ್ ಬಾಕ್ಸಿನ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಬಟ್ಟೆಗೆ ಒರೆಸಿ ಮೂಸಿದ. ಕೆಂಪಗಿರಬೇಕಾದ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು.

"ಇದು ಆಟೋಮ್ಯಾಟಿಕ್ ಗಾಡಿ ಅಕ್ಕಾ. ಗೇರು ಬದಲಾಯಿಸೋದೆಲ್ಲ ಈ ಎಣ್ಣೆನೇ. ಎಣ್ಣೆ, ಫಿಲ್ಟರ್ ಎರಡೂ ಬದಲಾಯಿಸಿದ್ರೆ ಸರಿಹೋಗಬಹುದು. ತಳದ ತಟ್ಟೆ ಬಿಚ್ಚಿದಾಗ ಲೋಹದ ಚೂರು ಸಿಕ್ಕಿದ್ರೆ ಮಾತ್ರ ಗೇರ್ ಬಾಕ್ಸಿನ ಕಥೆ ಮುಗೀತು ಅಂತ ತಿಳ್ಕೊಳ್ಳಿ."

"ಹಾಗಾದ್ರೆ ಈಗಲೇ ಬಿಚ್ಚು."

"ನನ್ನ ಸೊಂಟ ಹಿಡ್ಕೊಂಡಿದೆ. ಗಾಡಿ ಕೆಳಗೆ ತೂರಿದ್ರೆ ಮತ್ತೆ ನನ್ನನ್ನೇ ಎಳೆದು ತೆಗೀಬೇಕಾಗತ್ತೆ. ಮುಂದಿನ ತಿಂಗಳು ನೋಡೋಣ."

ಅಷ್ಟು ದಿನ ಕಾಯುವ ಹಾಗಿರಲಿಲ್ಲ. ಸೋಮವಾರ ನಾಟ್ಯಶಾಲೆಯೊಂದರ ಉದ್ದನೆಯ ಗೋಡೆ ತುಂಬ ಕೂರಿಸುವ ಕನ್ನಡಿಗಳು ಹೋಗಬೇಕಿತ್ತು. ಅವಳು ಮೆಕ್ಯಾನಿಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಏನು ಮಾಡಬೇಕು, ಯಾವುದಾದ ಮೇಲೆ ಯಾವುದು ಎಂದು ಬಾಯಿಪಾಠ ಆಗುವವರೆಗೆ ಕೇಳಿಸಿಕೊಂಡಳು.

ಗಂಡ ಹಡಗಿನ ಅಡುಗೆಯವನು, ಅರ್ಧ ವರ್ಷ ನೀರಿನ ಮೇಲೆ. ಅಂಗಡಿಯ ಹಿಂದಿನ ಮನೆಯಲ್ಲಿ ಇದ್ದವರು ಅವಳು, ಅತ್ತೆ, ಮಾವ ಮೂವರೇ. ಮಾವ ಬಸ್ ಓಡಿಸಿ ನಿವೃತ್ತರಾದವರು. ಕುರ್ಚಿಯಲ್ಲಿ ತೂಕಡಿಸುವಾಗಲೂ ಅವರ ಕೈ ಇಲ್ಲದ ಗೇರನ್ನು ಹಾಕಿ ತೆಗೆಯುತ್ತಿದ್ದುದರಿಂದ ಬೀದಿಯವರು ಗೇರಪ್ಪ ಎಂದೇ ಹೆಸರಿಟ್ಟಿದ್ದರು. ಆದರೆ ಮನೆಯ ಪಿಕಪ್ಪನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಅದು ಬಂದ ದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಠೀವಿಯಿಂದ ಹೊರಟಿದ್ದರು. ತಿರುವಿನಲ್ಲಿ ಅಭ್ಯಾಸಬಲದಿಂದ ಎಡಗಾಲೆತ್ತಿ ಕ್ಲಚ್ಚನ್ನು ಒತ್ತಿದರು. ಗಾಡಿಯಲ್ಲಿ ಕ್ಲಚ್ಚೇ ಇರಲಿಲ್ಲ. ಕಾಲಿಗೆ ಸಿಕ್ಕಿದ್ದು ಬ್ರೇಕು. ಗಾಡಿ ಗೋಡೆಗೆ ಗುದ್ದಿದ ಹಾಗೆ ನಿಂತಿತು. ಅತ್ತೆಯ ಕನ್ನಡಕ ಹಾರಿ ಕಿಟಕಿಯಿಂದಾಚೆ ಬಿತ್ತು.

"ಯಾಕ್ರೀ, ಸ್ಟಾಪ್ ಬಂತಾ? ಇಳೀಬೇಕಾ?" ಎಂದು ಅತ್ತೆ ಕೇಳಿದ್ದು ಬೀದಿಗೆಲ್ಲ ಕೇಳಿಸಿತು. ಅಂದಿನಿಂದ ಮಾವನ ಪಾಲಿಗೆ ಅದು ಗಾಡಿಯೇ ಅಲ್ಲ, ಚಕ್ರ ಹಚ್ಚಿದ ಸೋಫಾ.

ಭಾನುವಾರ ಬೆಳಿಗ್ಗೆ ಸೊಸೆ ಪಿಕಪ್ಪಿನ ಮುಂದಿನ ಚಕ್ರಗಳನ್ನು ಕಬ್ಬಿಣದ ಇಳಿಜಾರಿನ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ ಕೆಳಗೆ ತೂರಿದಳು. ಮಾವ ಹೂವಿನ ಕುಂಡಕ್ಕೆ ನೀರು ಹಾಕಲು ಬಂದರು. ಕುಂಡ ತುಂಬಿತು, ಹರಿಯಿತು, ಅಂಗಳ ಒದ್ದೆಯಾಯಿತು. ಅವರು ಅದೇ ಕುಂಡಕ್ಕೆ ನೀರು ಹಾಕುತ್ತಲೇ ಇದ್ದರು.

"ಎಲ್ಲಾ ಬೋಲ್ಟೂ ಬಿಚ್ಚಬೇಡ ಮಾರಾಯ್ತಿ! ಒಂದು ಕಡೆ ಸಡಿಲ ಮಾಡು, ತಟ್ಟೆ ವಾಲಲಿ!" ಎಂದು ಕೊನೆಗೂ ಬಾಯಿಬಿಟ್ಟರು.

"ಸೋಫಾ ವಿಷಯ ನಿಮಗೇನು ಗೊತ್ತು ಮಾವ?"

"ಎಣ್ಣೆ ಕೆಳಕ್ಕೇ ಬೀಳತ್ತೆ ಅನ್ನೋದು ಗೊತ್ತು. ಸರಿ ಆ ಕಡೆ!"

ಅವರೂ ತೂರಿದರು. ಎಣ್ಣೆ ಸೋರದಂತೆ ತಟ್ಟೆಯ ಅಂಚಿಗೆ ಕೊಟ್ಟಿದ್ದ ಹಳೆಯ ಗ್ಯಾಸ್ಕೆಟ್ ಅಂಟಿಕೊಂಡು ಬಿಟ್ಟಿತ್ತು. ಬೋಲ್ಟು ಸಡಿಲಿಸಿದರೂ ತಟ್ಟೆ ಜಪ್ಪಯ್ಯ ಅನ್ನಲಿಲ್ಲ. "ಇದಕ್ಕೆಲ್ಲ ಕೈಗುಣ ಬೇಕು" ಎನ್ನುತ್ತ ಮಾವ ಅಂಗೈಯಿಂದ ಒಂದು ಏಟು ಕೊಟ್ಟರು. ತಟ್ಟೆ ಒಮ್ಮೆಲೇ ವಾಲಿತು. ಅರ್ಧ ಎಣ್ಣೆ ಬೋಗುಣಿಗೆ ಬಿತ್ತು, ಉಳಿದರ್ಧ ಕೈಗುಣದ ಬನಿಯನ್ನಿಗೆ.

ಅದೇ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ದನಿ ಬಂತು: "ನನ್ನ ಬಟ್ಟೆ ನೆನೆಸೋ ಬೋಗುಣಿ ಯಾರು ತಗೊಂಡ್ರಿ?"

ಗಾಡಿಯ ಕೆಳಗಿನಿಂದ ಹೊರಚಾಚಿದ್ದ ನಾಲ್ಕು ಪಾದಗಳೂ ಮಿಸುಕಲಿಲ್ಲ.

ಎಣ್ಣೆ ತೊಟ್ಟಿಕ್ಕುವುದು ನಿಂತ ಮೇಲೆ ತಟ್ಟೆಯನ್ನು ಪೂರ್ತಿ ಇಳಿಸಿದರು. ಅದರ ತಳದಲ್ಲೊಂದು ಪುಟ್ಟ ಅಯಸ್ಕಾಂತ, ಅದರ ಮೈಗೆಲ್ಲ ಬೂದುಬಣ್ಣದ ರಾಡಿ. ಸೊಸೆಗೆ ಮೆಕ್ಯಾನಿಕ್ ಹೇಳಿದ ಲೋಹದ ಚೂರು ನೆನಪಾಯಿತು. ರಾಡಿಯನ್ನು ಚಿಟಿಕೆಯಷ್ಟು ತೆಗೆದು ಹೆಬ್ಬೆರಳಿನಿಂದ ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು.

"ಚುಚ್ಚುತ್ತಾ?" ಮಾವನ ದನಿಯೂ ತಗ್ಗಿತ್ತು.

"ಇಲ್ಲ ಮಾವ. ನುಣ್ಣಗಿದೆ, ಬೂದಿ ಥರ."

"ಹಾಗಾದ್ರೆ ಬರೀ ಸವೆದ ಹುಡಿ. ನನ್ನ ಮಂಡಿ ಬಿಚ್ಚಿದ್ರೂ ಇಷ್ಟು ಸಿಗತ್ತೆ ಬಿಡು."

ಹಳೆಯ ಫಿಲ್ಟರನ್ನು ಎಳೆದು ತೆಗೆದು ಹೊಸದನ್ನು ಒತ್ತಿದರೆ ಅದು ಕೂರಲೊಲ್ಲದು. ಸೊಸೆ ಒತ್ತಿದಳು, ಮಾವ ಒತ್ತಿದರು, ಇಬ್ಬರೂ ಸೇರಿ ಒತ್ತಿದರು. ಬೋಗುಣಿಗಾಗಿ ಜಗಳವಾಡಲು ಬಂದ ಅತ್ತೆ ಬಗ್ಗಿ ಟಾರ್ಚು ಹಿಡಿದು, "ಅಲ್ಲೊಂದು ಕಪ್ಪು ಬಳೆ ಸಿಕ್ಕಿಕೊಂಡಿದೆಯಲ್ಲ, ಅದ್ಯಾಕೆ?" ಎಂದರು. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ತೂತಿನೊಳಗೇ ಉಳಿದುಬಿಟ್ಟಿತ್ತು. ಗೀರು ಬೀಳಬಾರದೆಂದು ಅತ್ತೆಯ ಪ್ಲಾಸ್ಟಿಕ್ ಕ್ರೋಶಾ ಕಡ್ಡಿಯನ್ನೇ ತರಿಸಿ, ಅದರ ಕೊಕ್ಕೆಯಿಂದ ಉಂಗುರವನ್ನು ಈಚೆಗೆಳೆದರು. ಹೊಸ ಫಿಲ್ಟರ್ ಟಕ್ಕನೆ ಕೂತಿತು. ತಟ್ಟೆ ತೊಳೆದು, ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದರು. ಸೊಸೆ ಲಾಳಿಕೆಯಿಟ್ಟು, ಕಡ್ಡಿ ಇಳಿಸುವ ಕೊಳವೆಯಿಂದಲೇ, ಬೋಗುಣಿಗೆ ಇಳಿದಿದ್ದಷ್ಟು ಹೊಸ ಕೆಂಪೆಣ್ಣೆ ಸುರಿದಳು. ಮಾವನ ಬನಿಯನ್ ಕುಡಿದಿದ್ದನ್ನೂ ಅಂದಾಜಿನಲ್ಲಿ ಸೇರಿಸಿಕೊಂಡಳು.

ಗಾಡಿಯನ್ನು ಸಮತಟ್ಟು ನೆಲಕ್ಕೆ ಇಳಿಸಿದ ಮೇಲೆ ಒಂದು ಕೆಲಸ ಉಳಿಯಿತು. ಒಬ್ಬರು ಬ್ರೇಕು ಒತ್ತಿ ಕೂತು ಗೇರನ್ನು ನಿಧಾನವಾಗಿ ಎಲ್ಲ ಜಾಗಕ್ಕೂ ಸರಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಲ್ಲಾದರೂ ಸೋರುತ್ತದೆಯೇ ನೋಡಬೇಕು.

"ನಾನು ಕೂತ್ಕೋತೀನಿ," ಎಂದರು ಅತ್ತೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

"ನೀನಾ? ನಿನಗೇನು ಬರತ್ತೆ?"

"ಏನೂ ಬರಲ್ಲ. ಅದಕ್ಕೇ ಕ್ಲಚ್ಚು ಹುಡುಕಲ್ಲ."

ಮಾವನಿಗೆ ಮುಂದೆ ಕೇಳಿಸಿಕೊಳ್ಳುವುದು ಬೇಕಿರಲಿಲ್ಲ. ಹತ್ತಿ ಕೂತರು. ಕೂತ ಕೂಡಲೇ ಎಡಗಾಲು ತನ್ನಷ್ಟಕ್ಕೆ ಮುಂದೆ ಹೊರಟಿತು. ಅದನ್ನು ಎರಡೂ ಕೈಯಿಂದ ಹಿಡಿದು, ಮಡಚಿ, ಚಾಪೆಯ ಮೇಲೆ ಕೂತವರ ಹಾಗೆ ತೊಡೆಯ ಕೆಳಗೆ ಸಿಕ್ಕಿಸಿಕೊಂಡರು. ಬಲಗಾಲಿನಿಂದ ಬ್ರೇಕು ಒತ್ತಿ ರಿವರ್ಸಿಗೆ ಎಳೆದರು.

"ಏನಾಯ್ತು ಮಾವ?"

"ಏನೂ ಆಗಲಿಲ್ಲ."

"ಅಯ್ಯೋ! ಏನೂ ಆಗಲಿಲ್ಲ ಅಂದ್ರೆ?"

"ಹಾಕ್ಕೊಂಡ್ತು ಕಣಮ್ಮ! ಹಾಕ್ಕೊಂಡಿದ್ದೇ ಗೊತ್ತಾಗಲಿಲ್ಲ!"

ಎಲ್ಲೂ ಹನಿ ಸೋರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಕಡ್ಡಿ ತೆಗೆದು ನೋಡಿ, ಸ್ವಲ್ಪ ಕಡಿಮೆಯಿದ್ದ ಎಣ್ಣೆಯನ್ನು ಗುರುತಿನವರೆಗೆ ಸೇರಿಸಿದಳು. "ಬೀದಿ ಕೊನೆವರೆಗೆ ಹೋಗಿ ಬರೋಣ" ಎಂದು ಪಕ್ಕದಲ್ಲಿ ಹತ್ತಿ ಕೂತಳು. ಮಾವ ಬೀದಿ ಕೊನೆಯಲ್ಲಿ ತಿರುಗಿಸಲಿಲ್ಲ. ಮುಖ್ಯರಸ್ತೆ ಹಿಡಿದು, ಸೇತುವೆ ದಾಟಿ, ದಿಬ್ಬ ಹತ್ತಿದರು. ಕಿವಿ ಗೇರ್ ಬಾಕ್ಸಿಗೇ ಅಂಟಿತ್ತು. "ಈಗ ಎರಡನೇದು ಬಿತ್ತು. ಈಗ ಮೂರನೇದು. ಶಹಭಾಸ್! ನಾನೇ ಹಾಕಿದ್ರೂ ಇಷ್ಟು ಮೆತ್ತಗೆ ಬೀಳ್ತಿರಲಿಲ್ಲ," ಎಂದರು. ಹಾಗೆಂದದ್ದಕ್ಕೆ ತಕ್ಷಣವೇ ಪಶ್ಚಾತ್ತಾಪವಾಗಿ, "ಹೆಚ್ಚುಕಡಿಮೆ," ಎಂದು ಸೇರಿಸಿದರು.

ವಾಪಸು ಬಂದು ನಿಲ್ಲಿಸಿದರೆ ಇಳಿಯಲು ಆಗಲಿಲ್ಲ. ಮಡಚಿದ ಕಾಲು ಜೋಮು ಹಿಡಿದು ಮರದ ದಿಮ್ಮಿಯಾಗಿತ್ತು. ಸೊಸೆ ಒಂದು ಕಡೆ, ಅತ್ತೆ ಇನ್ನೊಂದು ಕಡೆ ಹಿಡಿದು, ದೊಡ್ಡ ಕನ್ನಡಿ ಇಳಿಸುವ ಹಾಗೆ ಹುಷಾರಾಗಿ ಇಳಿಸಿದರು. ಎದುರುಮನೆಯವರು ಗಾಬರಿಯಿಂದ ಓಡಿಬಂದು ಎಲ್ಲಿ ಪೆಟ್ಟಾಯಿತೆಂದು ಕೇಳಿದರು.

"ಪೆಟ್ಟೇನೂ ಇಲ್ಲ," ಎಂದರು ಅತ್ತೆ. "ಸೋಫಾದಲ್ಲಿ ತುಂಬಾ ಹೊತ್ತು ಕೂತುಬಿಟ್ಟರು."

ಸೋಮವಾರ ಸೊಸೆ ಕನ್ನಡಿಗಳನ್ನು ಕಟ್ಟಿ ಮುಗಿಸಿ ನೋಡಿದರೆ ಮಾವ ಆಗಲೇ ಸ್ಟೇರಿಂಗ್ ಹಿಂದೆ ಇದ್ದರು. ಎಡಗಾಲು ಮಡಚಿರಲಿಲ್ಲ. ಮೂಲೆಯಲ್ಲಿ ಅಲುಗಾಡದಂತೆ, ತಪ್ಪು ಮಾಡಿದವನನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿಕೊಂಡಿದ್ದರು. ಅವಳು ಕೀಲಿಕೈಯನ್ನು ಅವರ ಕೈಗೆ ಕೊಟ್ಟಳು. ಕನ್ನಡಿಗಳು ಒಂದೂ ಬಿರುಕಿಲ್ಲದೆ ನಾಟ್ಯಶಾಲೆ ಸೇರಿದವು. ಗೋಡೆಗೆ ಕೂರಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಇಷ್ಟು ದಿನ ತನ್ನ ಗಾಡಿಯನ್ನು ತಾನೇ ಓಡಿಸಿದವಳಿಗೆ ಪಕ್ಕದ ಸೀಟು ಇಷ್ಟು ಹಿತವಾಗಿರುತ್ತದೆಂದು ಗೊತ್ತೇ ಇರಲಿಲ್ಲ. ವಾಪಸು ಬರುವ ದಾರಿಯಲ್ಲಿ ಅವಳ ತಲೆ ಕಿಟಕಿಗೆ ವಾಲಿತು. ಮನೆಯ ಗೇಟು ಬಂದಾಗ ಬಾಗಿಲಲ್ಲಿ ನಿಂತಿದ್ದ ಅತ್ತೆ ಏನೋ ಕೂಗಲು ಬಾಯಿ ತೆರೆದರು. ಮಾವ ತುಟಿಯ ಮೇಲೆ ಬೆರಳಿಟ್ಟು, ನಿದ್ದೆ ಹೋದ ಸೊಸೆಯ ಕಡೆ ಕಣ್ಣಲ್ಲೇ ತೋರಿಸಿ, ಗಾಡಿಯನ್ನು ನಿಲ್ಲಿಸದೆ ಮೆಲ್ಲನೆ ಮುಂದಿನ ತಿರುವಿಗೆ ಬಿಟ್ಟರು.