ಜಶುಭಾಯಿಯ ಬ್ಯಾಂಡೇಜು

ಗುಜರಾತಿನ ಗೋರ್ವಾದ ದವಾಖಾನೆಗೆ ಪುಢಾರಿ ಜಶುಭಾಯಿ ಬಂದಾಗ ಅವನ ಬೋಳುತಲೆಯ ಮೇಲೆ ಇರುವೆ ಕಚ್ಚಿದ ಗುರುತೂ ಇರಲಿಲ್ಲ.

"ಬೇನ್, ತಲೆಗೊಂದು ಬ್ಯಾಂಡೇಜು ಸುತ್ತಿಬಿಡಿ. ಭಾಷಣ ಇದೆ," ಎಂದು ನರ್ಸು ಕಮಲಾಕ್ಷಿಗೆ ಹೇಳಿದ.

ಅರವತ್ತಾರರ ಬೇಸಿಗೆ. ಊರಿಗೆ ಊರೇ ಗೋಧಿಗಾಗಿ ಕ್ಯೂ ನಿಂತಿತ್ತು. ಪುಢಾರಿಗೆ ಇಲ್ಲವೆಂದು ಕೆಲಸ ಉಳಿಸಿಕೊಂಡ ನರ್ಸು ಎಲ್ಲಾದರೂ ಉಂಟೇ? ಕಮಲಾಕ್ಷಿ ಸುತ್ತಿದಳು. ಧಾರವಾಡದ ಶಾಲೆಯ ನಾಟಕಗಳಲ್ಲಿ ಎಲ್ಲರ ಮುಖಕ್ಕೂ ಬಣ್ಣ ಬಳಿದಿದ್ದ ಕೈ ಅಷ್ಟಕ್ಕೇ ಸುಮ್ಮನಿರಬೇಕಲ್ಲ! ಅವನು ಕೇಳದಿದ್ದರೂ ಹಣೆಯ ಮೇಲೆ ಕೆಂಪು ಔಷಧಿ ನಾಲ್ಕು ಹನಿ ಒತ್ತಿದಳು. ಕನ್ನಡಿ ನೋಡಿಕೊಂಡ ಜಶುಭಾಯಿಗೆ ತನ್ನ ಮೇಲೆ ತನಗೇ ಮರುಕ ಬಂತು.

ಗಂಟೆ ಕಳೆಯುವುದರಲ್ಲಿ ಆಯಾ ರುಕ್ಮಿಣಿ ಓಡಿಬಂದಳು. "ಸರ್ಕಾರಿ ಗೋದಾಮಿನವರು ಜಶುಭಾಯಿ ತಲೆ ಒಡೆದರಂತೆ! ಜನ ಗೋದಾಮಿಗೆ ಬೆಂಕಿ ಇಡ್ತಿದ್ದಾರೆ!"

ಆ ಗೋದಾಮಿನ ಉಗ್ರಾಣಿ ಕಮಲಾಕ್ಷಿಯ ಗಂಡ ಶ್ರೀಪಾದ. ಅವಳು ಬರಿಗಾಲಲ್ಲೇ ಓಡಿದಳು.

ಗೇಟಿನಲ್ಲಿ ಕಾವಲುಗಾರ ಸತ್ಯಪ್ರಕಾಶ ಬೋರಲು ಬಿದ್ದಿದ್ದ. ಚೆಲ್ಲಿದ ಗೋಧಿಯಲ್ಲಿ ಅವನ ಹಲ್ಲುಗಳಿದ್ದವು. ಬಾಗಿಲಿಗೆ ಹೊರಗಿನಿಂದ ಬೀಗ, ಕಿಟಕಿಯಲ್ಲಿ ಹೊಗೆ.

"ಕಮಲಾ, ಹತ್ರ ಬರಬ್ಯಾಡ! ಓಡಿ ಹೋಗ!" ಶ್ರೀಪಾದ ಸರಳು ಹಿಡಿದು ಕೂಗಿದ.

ಅವಳ ಅರೆಬರೆ ಗುಜರಾತಿಯನ್ನು ಆ ಗದ್ದಲದಲ್ಲಿ ಯಾರು ಕೇಳಬೇಕು? ಕೈಗಾಡಿಯ ಮೇಲೆ ಜಶುಭಾಯಿ ಹಣೆ ಒತ್ತಿಕೊಂಡು ನಿಂತಿದ್ದ. ಅವಳು ಗಾಡಿ ಹತ್ತಿ, ಅವನ ಕೊರಳಪಟ್ಟಿ ಹಿಡಿದು, ಬ್ಯಾಂಡೇಜಿನ ತುದಿ ಎಳೆದಳು. ಸುತ್ತು ಸುತ್ತಾಗಿ ಬಿಚ್ಚಿತು. ಸೆರಗಿನಿಂದ ಹಣೆ ಒರೆಸಿ, ಆ ತಲೆಯನ್ನು ಜನರ ಕಡೆ ತಿರುಗಿಸಿದಳು.

ಜನ ತಣ್ಣಗಾದರು. ಯಾರೋ ಬೀಗ ಒಡೆದರು. ಶ್ರೀಪಾದ ಕೆಮ್ಮುತ್ತ ತೆವಳಿಕೊಂಡು ಬಂದ. ಇನ್ನು ಎಲ್ಲರೂ ಮನೆಗೆ ಹೋಗುತ್ತಾರೆಂದು ಅವಳು ತಿಳಿದಳು. ಅಷ್ಟರಲ್ಲಿ ಮೊದಲ ಇಟ್ಟಿಗೆ ಜಶುಭಾಯಿಯ ಕಿವಿಗೆ ಬಡಿಯಿತು. ಆಮೇಲೆ ದೊಣ್ಣೆಗಳು.

"ಬಿಡ್ರೋ, ಸಾಯ್ತಾನ!" ಅವಳು ಕನ್ನಡದಲ್ಲೇ ಚೀರಿದಳು. ಯಾರಿಗೂ ತಿಳಿಯಲಿಲ್ಲ.

ಜನ ಚೆದುರಿದ ಮೇಲೆ ಅದೇ ಬಟ್ಟೆಯನ್ನು ಅದೇ ತಲೆಗೆ ಸುತ್ತಿದಳು. ಅದು ಕ್ಷಣದಲ್ಲೇ ತೊಯ್ದುಹೋಯಿತು. ಜಶುಭಾಯಿ ಒಂದು ಕಣ್ಣು ತೆರೆದ.

"ಬೇನ್, ಫೋಟೋದವನು ಬಂದನೇ?"

ಅವಳಿಗೆ ಹೇಸಿಗೆಯಾಯಿತು. ಗಂಟು ಬಿಗಿದು ಗೇಟಿಗೆ ಹೋಗಿ ಸತ್ಯಪ್ರಕಾಶನ ನಾಡಿ ಹಿಡಿದಳು. ಅದು ಆಗಲೇ ನಿಂತಿತ್ತು.

"ನಾಲ್ಕ ಹನಿ ಹಚ್ಚಿದ್ದೆ ರೀ," ಎಂದು ಗಂಡನ ಕಾಲ ಬಳಿ ಕುಸಿದಳು. "ಅಂವ ಕೇಳಿರಲಿಲ್ಲ. ನಾನಽ ಹಚ್ಚಿದೆ."