ಆರು ಗಂಟೆಯ ಬೆಳಕು

ಅಂಗಿಯ ಗುಂಡಿಯಷ್ಟು ಅಗಲದ ಬೆಳಕು ಗೋಡೆಯ ಮೇಲೆ, ಈಗ ಕ್ಯಾಲೆಂಡರಿನ ಅಂಚಿಗೆ ಬಂದಿದೆ, ಕಿಟಕಿಗೆ ಕಟ್ಟಿದ ಕಪ್ಪು ಬಟ್ಟೆಯಲ್ಲಿ ಒಂದೇ ಒಂದು ತೂತು, ಹೊಲಿಯಬೇಕು ಹೊಲಿಯಬೇಕು ಅಂದುಕೊಂಡೇ ಆರು ವಾರವಾಯಿತು, ಅಕ್ಕ ಇದ್ದಿದ್ದರೆ ಬೆರಳಲ್ಲಿ ತಡವಿಯೇ ಎರಡು ಹೊಲಿಗೆ ಹಾಕಿ ಮುಗಿಸುತ್ತಿದ್ದಳು — ಬೇಡ, ತೂತು ಇರಲಿ, ಅದೇ ನನ್ನ ಗಡಿಯಾರ, ಕ್ಯಾಲೆಂಡರಿನ ಅಂಚು ಅಂದರೆ ಎರಡೂವರೆ, ಬೀರುವಿನ ಹಿಡಿಕೆ ಅಂದರೆ ನಾಲ್ಕು, ನಾಲ್ಕಕ್ಕೆ ಪುಟ್ಟಿ ಬರುತ್ತಾಳೆ, ಅಕ್ಕನ ಮಗಳು, ಇವತ್ತು ಅವಳಿಗೆ ಹೇಳಲೇಬೇಕು. ಹೋದ ಸಲವೂ ಹೀಗೇ ಅಂದುಕೊಂಡಿದ್ದೆ, ಅದರ ಹಿಂದಿನ ಸಲವೂ. ಮೊದಲು ನಿದ್ದೆ ಮಾಡಬೇಕು, ಸಂಜೆ ಏಳಕ್ಕೆ ಹೋದರೆ ಬೆಳಿಗ್ಗೆ ಏಳರವರೆಗೆ ಗಾಜಿನ ಕಾರ್ಖಾನೆಯಲ್ಲಿ ಬಾಟಲಿಗಳ ಮುಂದೆ ನಿಲ್ಲಬೇಕು, ಆದರೆ ಕಣ್ಣಿಗೆ ಕಣ್ಣು ಹತ್ತುತ್ತಿಲ್ಲ, ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ, ಸ್ಟಾರ್ಟ್ ಆಗುತ್ತಿಲ್ಲ, ಮತ್ತೆ ಒದೆಯುತ್ತಾರೆ, ಕೆಳಗಿನ ಮನೆಯ ಟೀಚರ್ ಕುಕ್ಕರ್ ಇಟ್ಟಿದ್ದಾರೆ, ಒಂದು ಸೀಟಿ, ಎರಡು, ಜಗತ್ತಿಗೆಲ್ಲ ಹಗಲು, ನನಗೊಬ್ಬನಿಗೆ ರಾತ್ರಿ. ಅಕ್ಕ ಇದ್ದಾಗ ಇಬ್ಬರಿಗೆ ರಾತ್ರಿ.

ಇಬ್ಬರಿಗೆ, ಹೌದು, ನನ್ನ ಜೊತೆ ಅವಳೂ ಪಾಳಿ ಮಾಡುತ್ತಿದ್ದಳು, ಕಾರ್ಖಾನೆಯ ಮುಖವನ್ನೇ ನೋಡದವಳು, ನಾನು ಹಗಲು ಮಲಗಿದರೆ ಮನೆಯ ಪರದೆಯೆಲ್ಲ ಎಳೆದು, ನಲ್ಲಿಗೆ ಬಟ್ಟೆ ಸುತ್ತಿ ಹನಿಯ ಸದ್ದು ಅಡಗಿಸಿ, ಬಾಗಿಲು ಬಡಿದವರಿಗೆ ಶ್... ನನ್ನ ತಮ್ಮನಿಗೆ ಈಗ ನಡುರಾತ್ರಿ ಅಂತ ಮಧ್ಯಾಹ್ನ ಒಂದು ಗಂಟೆಗೆ ಪಿಸುಗುಟ್ಟುತ್ತಿದ್ದಳಂತೆ, ಟೀಚರ್ ಇವತ್ತಿಗೂ ಅದನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಎಂಟು ಗಂಟೆಯ ಪಾಳಿ ತೆಗೆದು ಹನ್ನೆರಡು ಗಂಟೆಯದು ಮಾಡಿದ ದಿನ ನಾನು ಮುಖ ಊದಿಸಿಕೊಂಡು ಬಂದಿದ್ದೆ, ಎರಡು ದಿನ ಹಗಲು, ಎರಡು ದಿನ ರಾತ್ರಿ, ಎರಡು ದಿನ ರಜೆ, ಮತ್ತೆ ಮೊದಲಿಂದ, ಅಕ್ಕ ಬೆರಳು ಮಡಚಿ ಎಣಿಸಿ ಅಂದಳು, ವಾರಕ್ಕೆ ಏಳು ದಿನ ಇಟ್ಟವನು ಪೆದ್ದ ಅನ್ನು, ನಿಮ್ಮ ಕಾರ್ಖಾನೆ ಆರಕ್ಕೆ ಇಳಿಸಿದೆ, ಬೇಗ ಬೇಗ ವಯಸ್ಸಾಗುತ್ತೆ ನಿಂಗೆ. ಪುಟ್ಟಿ ಬಂದು ಕ್ಯಾಲೆಂಡರಿನ ಮೇಲೆ ಬರೆದುಕೊಟ್ಟಳು, ಅಮ್ಮನ ಮಂಜು ಕಣ್ಣಿಗೂ ಕಾಣಬೇಕು ಅಂತ ದಪ್ಪ ದಪ್ಪ ಅಕ್ಷರ, ಹಗಲಿಗೆ ಕೆಂಪು ಶಾಯಿಯಲ್ಲಿ ಹ, ರಾತ್ರಿಗೆ ನೀಲಿಯಲ್ಲಿ ರಾ, ಹ ಹ ರಾ ರಾ, ಆಮೇಲೆ ಎರಡು ಖಾಲಿ ಮನೆ. ಕಾರ್ಖಾನೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂರುವವನನ್ನು ಎಲ್ಲರೂ ಮೀಸೆ ಅಂತಲೇ ಕರೆಯುವುದು, ಇಪ್ಪತ್ತು ವರ್ಷ ಪಾಳಿ ಮಾಡಿದವನು, ಅವನು ಹೇಳಿಕೊಟ್ಟ, ಕಪ್ಪು ಬಟ್ಟೆ ಕಟ್ಟಿಸು, ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕು, ಪಾಳಿಯ ಕೊನೆ ನಾಲ್ಕು ಗಂಟೆ ಟೀ ಮುಟ್ಟಬೇಡ, ಆರು ತಿಂಗಳು ತಡ್ಕೋ, ಮೈ ಒಗ್ಗಿಬಿಡುತ್ತೆ. ಮೈ ಒಗ್ಗಿತು, ಮೀಸೆ. ಈಗ ಅಲಾರಂ ಬೇಕಿಲ್ಲ, ಸರಿಯಾಗಿ ಐದೂವರೆಗೆ ಕಣ್ಣು ತಾನಾಗಿ ತೆರೆಯುತ್ತದೆ, ಬೆಳಗಿನ ಐದೂವರೆಯೋ ಸಂಜೆಯದೋ ಅಂತ ಮಾತ್ರ ಮೈಗೆ ಗೊತ್ತಾಗುವುದಿಲ್ಲ.

ಇವತ್ತು ಮೊದಲ ರಾ. ಅವತ್ತೂ ಮೊದಲ ರಾ. ಎರಡು ಹಗಲು ಮುಗಿಸಿ, ಮಾರನೆಯ ಮಧ್ಯಾಹ್ನ ಬಲವಂತವಾಗಿ ಮಲಗಿ, ಬಂದದ್ದು ನಿದ್ದೆಯಲ್ಲ, ಬಾವಿಗೆ ಬಿದ್ದ ಹಾಗೆ, ಎದ್ದಾಗ ಕೋಣೆಯಲ್ಲಿ ಬೂದಿಬಣ್ಣದ ಬೆಳಕು, ಹೊರಗೆ ಮೋಡ, ಹಿಂದಿನ ಎರಡು ಬೆಳಿಗ್ಗೆ ಎದ್ದ ಹಾಗೆಯೇ ಎದ್ದೆ, ಮುಖ ತೊಳೆದೆ, ಹಲ್ಲುಜ್ಜಿದೆ — ಹಲ್ಲುಜ್ಜಿದೆ ಅಲ್ಲವೇ, ಅಲ್ಲಿಯಾದರೂ ಗೊತ್ತಾಗಬಾರದಿತ್ತೇ, ಬ್ರಷ್ ಒಣಗಿತ್ತೋ ಒದ್ದೆಯಾಗಿತ್ತೋ, ಆರು ವಾರದಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ದರ್ಜಿ ಅಂಗಡಿಯಿಂದ ಬಂದ ಅಂಗಿಗಳು, ಗುಂಡಿ ಹಾಕುವುದು ಅವಳಿಗೆ ಕಣ್ಣು ಬೇಡದ ಕೆಲಸ, ಬೆರಳು ಸಾಕು. ನನ್ನ ಹೆಜ್ಜೆಯ ಸದ್ದಿಗೆ ತಲೆ ಎತ್ತಿ ಕೇಳಿದಳು, ಬೆಳಗಾಯ್ತಾ? ದಿನಾ ಕೇಳುತ್ತಾಳೆ, ನಾನು ಯಾವ ಹೊತ್ತಿಗೆ ಎದ್ದರೂ ಅದನ್ನೇ, ಮಧ್ಯಾಹ್ನ ಎದ್ದರೂ ಬೆಳಗಾಯ್ತಾ, ರಾತ್ರಿ ಒಂಬತ್ತಕ್ಕೆ ಎದ್ದರೂ ಬೆಳಗಾಯ್ತಾ, ನಿನ್ನ ಬೆಳಗೇ ಈ ಮನೆಯ ಬೆಳಗು ಕಣೋ ಅನ್ನುವಳು. ಆಯ್ತು ಅಕ್ಕ ಅಂದೆ. ಫ್ರಿಜ್ಜಿನಿಂದ ಸೀಸೆ ತೆಗೆದೆ, ಸಿರಿಂಜಿಗೆ ಎಳೆದೆ, ಅವಳ ಸಕ್ಕರೆ ಕಾಯಿಲೆಯ ಇಂಜೆಕ್ಷನ್, ಬೆಳಿಗ್ಗೆ ಮೂವತ್ತು ಗೆರೆ, ಸಂಜೆ ಹತ್ತು, ಹಗಲು ಪಾಳಿಯಿರಲಿ ರಾತ್ರಿ ಪಾಳಿಯಿರಲಿ, ನಾನು ಬಸ್ಸಿಗೆ ಹೊರಡುವ ಮೊದಲು ಆರು ಗಂಟೆಗೆ ಕೊಟ್ಟೇ ಹೊರಡುವುದು, ನಾನಿಲ್ಲದ ಹೊತ್ತಿನದಕ್ಕೆ ನರ್ಸಮ್ಮ ಬರುವುದು. ಗೆರೆಗಳನ್ನು ಎಣಿಸುವುದು ನನ್ನ ಕೆಲಸ, ಅವಳ ಕಣ್ಣಿಗೆ ಗೆರೆ ಕಾಣಿಸದು. ಮೂವತ್ತನೆಯ ಗೆರೆ, ಕೈ ನಡುಗಲಿಲ್ಲ, ಒಂದು ಗುಳ್ಳೆಯೂ ಇರದ ಹಾಗೆ ಬೆರಳಿನಿಂದ ತಟ್ಟಿದೆ, ಅಷ್ಟು ಜೋಪಾನ. ಅವಳು ತೋಳು ಮೇಲೇರಿಸಿ ಕೈ ಚಾಚಿದಳು, ಸೂಜಿ ಅಂದರೆ ಇನ್ನೂ ಹೆದರಿಕೆ, ಹತ್ತು ವರ್ಷವಾದರೂ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಕೈಯಲ್ಲಿದ್ದ ಗುಂಡಿಯನ್ನು ಮುಷ್ಟಿಯೊಳಗೆ ಬಿಗಿ ಹಿಡಿದು. ಆಯ್ತಾ? ಆಯ್ತು. ನಿನ್ನ ಕೈ ಹಗುರ ಕಣೋ, ಆ ನರ್ಸಮ್ಮನಿಗಿಂತ ವಾಸಿ. ಊಟದ ಡಬ್ಬಿ ಕೊಟ್ಟಳು, ತೆಗೆದುಕೊಂಡು ಓಡಿದೆ.

ಏಳಕ್ಕೆ ಪಾಳಿ ಬದಲು, ಎರಡು ಹೊತ್ತೂ ಏಳಕ್ಕೇ, ಎರಡು ಹೊತ್ತೂ ಆರೂ ಇಪ್ಪತ್ತಕ್ಕೆ ಮೂಲೆಯಲ್ಲಿ ಅದೇ ಬಸ್ಸು, ಅದೇ ಡ್ರೈವರ್, ಅದೇ ಮೀಸೆ, ಒಂದಾದರೂ ಬೇರೆಯಿದ್ದಿದ್ದರೆ. ಹತ್ತಿ ಕೂತೆ, ಬಸ್ಸು ಹೊರಟಿತು, ಬೆಳಕು ಹೆಚ್ಚಬೇಕಿತ್ತು, ಕಡಿಮೆಯಾಗುತ್ತಿದೆ, ಬೀದಿ ದೀಪ ಆರಬೇಕಿತ್ತು, ಒಂದೊಂದಾಗಿ ಹತ್ತುತ್ತಿವೆ, ನಾನು ಕಿಟಕಿಗೆ ಮೂಗು ಒತ್ತಿದ್ದೆ, ಏನೋ ಹಾಗೆ ನೋಡ್ತಿದ್ದೀಯ ಅಂದ ಮೀಸೆ, ಇದು ಬೆಳಿಗ್ಗೆ ಅಲ್ವಾ ಅಂದುಬಿಟ್ಟೆ, ಅಷ್ಟೇ, ಬಸ್ಸಿಗೆ ಬಸ್ಸೇ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿತು, ಡ್ರೈವರ್ ತಿರುಗಿ ನೋಡಿ, ಸಾರ್‌ಗೆ ಕಾಫಿ ತಿಂಡಿ ಆಯ್ತಾ ಕೇಳ್ರೋ ಅಂದ. ನಾನೂ ನಕ್ಕೆ. ಎಲ್ಲರಿಗಿಂತ ಹೆಚ್ಚು ನಾನೇ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು, ಹೋಗಬೇಕಾದ ಪಾಳಿಗೇ ಹೋಗುತ್ತಿದ್ದೇನಲ್ಲ, ಏನೂ ಕೆಟ್ಟಿಲ್ಲವಲ್ಲ, ನಾಳೆ ಅಕ್ಕನಿಗೆ ಹೇಳಿದರೆ ಅವಳೆಷ್ಟು ನಗುತ್ತಾಳೆ ಅಂತ. ಆ ನಗು ಈಗಲೂ ಕಿವಿಯಲ್ಲಿದೆ, ನನ್ನದೇ ನಗು, ಕುಕ್ಕರಿನ ಸೀಟಿಯ ಹಿಂದೆ, ಸ್ಕೂಟರಿನ ಹಿಂದೆ. ಎಂಟೂವರೆಗೆ ಗಾಜು ಕರಗಿಸುವ ಕುಲುಮೆಯ ಎಣ್ಣೆ ಒತ್ತಡ ಬರೆದುಕೊಳ್ಳಲು ಹೋದೆ, ಮೀಟರಿನ ಗಾಜಿನ ಹಿಂದೆ ಸಣ್ಣ ಸಣ್ಣ ಕಪ್ಪು ಗೆರೆ, ಮುಳ್ಳು ಮೂವತ್ತರ ಮೇಲೆ. ಮೂವತ್ತು ಅಂತ ಬರೆದೆ. ಬರೆದ ಅಂಕಿಯನ್ನು ನೋಡಿದೆ. ಸಂಜೆಯದು ಹತ್ತಲ್ಲವೇ, ಪೆನ್ನು ಬಿತ್ತು, ಫೋನು ಲಾಕರಿನಲ್ಲಿ, ಒಳಗೆ ಫೋನು ತರಬಾರದು ಅನ್ನುವುದು ಕಾನೂನು, ಎರಡು ಮಹಡಿ ಮೆಟ್ಟಿಲಿಳಿದು ಓಡಿದೆ, ರಿಂಗಾಯಿತು, ರಿಂಗಾಗುತ್ತಲೇ ಇತ್ತು, ಟೀಚರಿಗೆ ಮಾಡಿದೆ, ನಿಮ್ಮ ಹತ್ತಿರ ಇರುವ ಕೀ ತಗೊಂಡು ಹೋಗಿ ಟೀಚರ್, ಬಾಯಿಗೆ ಸಕ್ಕರೆ ಹಾಕಿ, ಬೇಗ. ಟೀಚರ್ ಫೋನು ಇಡದೆ ಮೆಟ್ಟಿಲು ಹತ್ತಿದರು, ಅವರ ಚಪ್ಪಲಿಯ ಸದ್ದು ಕೇಳಿತು, ಬೀಗದ ಸದ್ದು ಕೇಳಿತು, ಆಮೇಲೆ ಕೀ ನೆಲಕ್ಕೆ ಬಿದ್ದ ಸದ್ದು.

ಬೆಳಕು ಕ್ಯಾಲೆಂಡರ್ ದಾಟಿದೆ. ಮೂರಾಗಿರಬೇಕು. ಅಕ್ಕ ಕುರ್ಚಿಯಲ್ಲೇ ಇದ್ದಳು, ಮುಂದೆ ಮುಚ್ಚಿಟ್ಟ ತಟ್ಟೆ, ತಟ್ಟೆಯ ಪಕ್ಕ ಫೋನು, ಸಂಜೆ ಆರೂವರೆಗೆ ಪುಟ್ಟಿ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಫೋನು ಮಾಡುವುದು, ಇವಳು ಇಲ್ಲಿ ಅವಳು ಅಲ್ಲಿ, ಮಾತಾಡುತ್ತ ಇಬ್ಬರೂ ಉಣ್ಣುವುದು, ಎಲೆ ಎರಡು ಪಂಕ್ತಿ ಒಂದು ಅಂತ ಅಕ್ಕನ ತಮಾಷೆ. ಅವತ್ತು ಅಂಗಡಿಯಲ್ಲಿ ಗಿರಾಕಿಗಳು, ಪುಟ್ಟಿ ಮಾಡಿದ್ದು ಏಳೂಕಾಲಿಗೆ, ಯಾರೂ ಎತ್ತದಿದ್ದಾಗ ಉಂಡು ಮಲಗಿರಬೇಕು ಅಂದುಕೊಂಡಳಂತೆ. ಆಸ್ಪತ್ರೆಯಲ್ಲಿ ಡಾಕ್ಟರ್ ತಲೆಯೆತ್ತದೆ ಕೇಳಿದರು, ಎಷ್ಟು ಕೊಟ್ಟಿದ್ರಿ? ಎಲ್ಲ ಮುಗಿದಿತ್ತು, ಬರೆದುಕೊಳ್ಳಲು ಕೇಳಿದ್ದು ಅಷ್ಟೇ, ಪಕ್ಕದಲ್ಲಿ ಪುಟ್ಟಿ ನನ್ನ ತೋಳು ಹಿಡಿದು ನಿಂತಿದ್ದಳು, ಹತ್ತು ಅಂದೆ. ಯೋಚಿಸಿ ಹೇಳಿದ್ದಲ್ಲ, ನಾಲಿಗೆ ತಾನಾಗಿ ಹೇಳಿತು, ಹತ್ತು. ಡಾಕ್ಟರ್ ಹತ್ತು ಅಂತ ಬರೆದರು, ಊಟ ಮಾಡಿರಲಿಲ್ವಾ ಅಂದರು, ಇಲ್ಲ ಅಂದಳು ಪುಟ್ಟಿ, ನನ್ನ ಫೋನಿಗೆ ಕಾಯ್ತಿದ್ರು, ನಾನು ತಡ ಮಾಡ್ದೆ. ನಾನು ತಡ ಮಾಡ್ದೆ ಮಾಮ, ಅಂದು ನನ್ನ ಎದೆಗೆ ಮುಖವಿಟ್ಟು ಅತ್ತಳು, ಅವಳ ತಲೆ ಸವರಿದೆ, ಈ ಕೈಯಿಂದಲೇ, ಹಗುರ ಕೈ. ಹತ್ತೇ ಗೆರೆ ಕೊಟ್ಟಾಗ ಊಟ ಮುಕ್ಕಾಲು ಗಂಟೆ ತಡವಾದರೆ ಏನೂ ಆಗುವುದಿಲ್ಲ ಪುಟ್ಟಿ, ಹಿಂದೆ ಎಷ್ಟೋ ಸಲ ಆಗಿದೆ, ತಲೆ ಸುತ್ತುತ್ತೆ ಅಂತ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿಕೊಂಡು ನಗುತ್ತಿದ್ದಳು ನಿನ್ನಮ್ಮ, ಇಷ್ಟನ್ನು ಹೇಳಬಹುದಿತ್ತು, ಆದರೆ ಇಷ್ಟು ಹೇಳಿದರೆ ಉಳಿದದ್ದನ್ನೂ ಹೇಳಬೇಕು. ಅಕ್ಕನ ಮುಷ್ಟಿ ಬಿಡಿಸಿದ್ದು ನಾನೇ. ಒಳಗೆ ಬಿಳಿ ಗುಂಡಿ, ನಾಲ್ಕು ತೂತಿನದು, ಅಂಗೈಯಲ್ಲಿ ಅದರ ಅಚ್ಚು. ಆರು ಗಂಟೆಯಿಂದ ಹಿಡಿದೇ ಇದ್ದಳೋ, ಇಲ್ಲ ಕೊನೆಗೆ ಮತ್ತೆ ಹಿಡಿದಳೋ.

ಅದನ್ನೇ ಕೇಳಬೇಕಿತ್ತು ಅವಳನ್ನು, ನಿನಗೆ ಗೊತ್ತಾಯಿತಾ ಅಕ್ಕ, ಕಣ್ಣು ಮಂಜಾದರೂ ಮೈ ಮಂಜಲ್ಲವಲ್ಲ, ಹತ್ತು ವರ್ಷ ಚುಚ್ಚಿಸಿಕೊಂಡವಳಿಗೆ ಔಷಧಿ ಹೆಚ್ಚು ಹೊತ್ತು ಒಳಗಿಳಿದದ್ದು ಗೊತ್ತಾಗಲಿಲ್ಲವಾ, ಗೊತ್ತಾದರೂ ತಮ್ಮನ ಲೆಕ್ಕ ತಪ್ಪದು ಅಂದುಕೊಂಡೆಯಾ. ಬೈಯಬೇಕಿತ್ತು ನೀನು. ಲೋ ಕತ್ತೆ, ಸಂಜೆ ಕಣೋ ಇದು, ಅನ್ನಬೇಕಿತ್ತು. ಆರು ವಾರ, ಪುಟ್ಟಿಯ ಕೆನ್ನೆ ಒಳಕ್ಕೆ ಹೋಗಿದೆ, ಅವಳ ಫೋನಿನಲ್ಲಿ ಈಗ ಆರೂವರೆಗೆ ಅಲಾರಂ, ದಿನಾ ಬಡಿದುಕೊಳ್ಳುತ್ತದೆ, ಯಾಕೆ ಪುಟ್ಟಿ ಅಂದರೆ ಇನ್ನೊಂದ್ಸಲ ಮರೀಬಾರ್ದಲ್ಲ ಮಾಮ ಅನ್ನುತ್ತಾಳೆ, ಯಾರಿಗೆ ಮಾಡಲು ಮರೆಯಬಾರದು, ಫೋನು ಎತ್ತುವವರು ಯಾರಿದ್ದಾರೆ, ಅದು ಬಡಿದ ಕೂಡಲೇ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದುಬಿಡುತ್ತಾಳೆ. ನನ್ನ ಪಾಲಿನದನ್ನು ಅವಳು ಮೈಮೇಲೆ ಎಳೆದುಕೊಂಡಿದ್ದಾಳೆ, ನಾನು ಎಳೆದುಕೊಳ್ಳಲು ಬಿಟ್ಟಿದ್ದೇನೆ, ಬಿಟ್ಟು ಅವಳು ತಂದ ಊಟವನ್ನೂ ಉಣ್ಣುತ್ತಿದ್ದೇನೆ, ಥೂ. ಹೇಳಿದರೆ ಅವಳೂ ಹೋಗುತ್ತಾಳೆ, ಇನ್ನು ಈ ಬಾಗಿಲು ತೆರೆಯುವವರು ಯಾರೂ ಇರುವುದಿಲ್ಲ, ಅದೇ ಹೆದರಿಕೆ, ಬೇರೆ ಏನೂ ಅಲ್ಲ, ಅದೇ. ಸೂಪರ್‌ವೈಸರ್ ಕರೆದು ಕೇಳಿದರು, ನಿಮ್ಮನ್ನ ಬರೀ ಹಗಲಿಗೆ ಹಾಕಿಬಿಡ್ಲಾ? ಬೇಡ ಅಂದೆ. ಹಗಲಿಗೆ ಹಾಕಿದರೆ ಬೆಳಗು ಬೆಳಗಾಗಿಯೇ ಇರುತ್ತದೆ, ಸಂಜೆ ಸಂಜೆಯಾಗಿಯೇ ಇರುತ್ತದೆ, ಅಷ್ಟು ಸುಖ ನನಗೆ ಬೇಡ.

ಬೆಳಕು ಬೀರುವಿನ ಮೇಲೆ, ಹಿಡಿಕೆಗೆ ಇನ್ನೆರಡು ಬೆರಳು, ಒಂದು ಬೆರಳು, ಮೆಟ್ಟಿಲಿನ ಮೇಲೆ ಹೆಜ್ಜೆ, ಬೇಗ ಬಂದಳು, ಕೀ ತಿರುಗಿತು, ಅದೇ ಕೀಯ ಸದ್ದು, ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನ ಹಾಗೆ ಮಲಗಿಬಿಡಲಾ, ಹೋದ ಸಲ ಹಾಗೇ ಮಾಡಿದೆ, ಅವಳು ಡಬ್ಬಿ ಇಟ್ಟು ಸದ್ದಿಲ್ಲದೆ ಹೋದಳು. ಪರದೆಯ ಆಚೆ ಪಾತ್ರೆ ಇಡುವ ಸದ್ದು, ನಲ್ಲಿಗೆ ಬಟ್ಟೆ ಸುತ್ತುತ್ತಿದ್ದಾಳೆ, ಇದನ್ನು ಅವಳಿಗೆ ಯಾರು ಹೇಳಿಕೊಟ್ಟರು, ಬಾಗಿಲ ಹತ್ತಿರ ಬಂದು ನಿಂತಿದ್ದಾಳೆ, ಗೊತ್ತು, ಕಣ್ಣು ಬಿಟ್ಟೆ. ಅಮ್ಮನದೇ ಎತ್ತರ, ಹಿಂದೆ ಬೆಳಕು, ಮುಖ ಕಾಣಿಸುತ್ತಿಲ್ಲ, ನನ್ನನ್ನು ನಗಿಸಬೇಕು ಅಂತಲೋ ಏನೋ, ಪಾಪದ ಹುಡುಗಿ, ಆರು ವಾರದಲ್ಲಿ ಮೊದಲ ಸಲ ದನಿಯನ್ನು ಹಾಗೆಯೇ ಎಳೆದು ಕೇಳುತ್ತಾಳೆ, ಬೆಳಗಾಯ್ತಾ ಮಾಮ? ಗಂಟಲೊಳಗೆ ಆಯ್ತು ಅನ್ನುವುದು ಬಂದು ನಿಂತಿದೆ, ಯಾವಾಗಲೂ ಅದೇ ಉತ್ತರ, ನುಂಗುತ್ತೇನೆ, ಇಲ್ಲ ಪುಟ್ಟಿ ಅನ್ನುತ್ತೇನೆ, ನನ್ನ ದನಿ ನನಗೇ ಗುರುತು ಸಿಗುತ್ತಿಲ್ಲ, ಬೆಳಗಾಗಿರಲಿಲ್ಲ, ಸಂಜೆ, ನಾನು ಬೆಳಗು ಅಂದ್ಕೊಂಡೆ, ಬೆಳಗಿಂದು ಕೊಟ್ಟೆ, ಹತ್ತಲ್ಲ, ಮೂವತ್ತು, ನೀನು ತಡ ಮಾಡ್ಲಿಲ್ಲ. ಅವಳು ಅಲ್ಲಾಡುವುದಿಲ್ಲ. ಏನಂದೆ ಮಾಮ ಅಂದಳೋ, ಅನ್ನಲಿಲ್ಲವೋ. ಬೆಳಕು ಹಿಡಿಕೆಯ ಮೇಲೆ ಬಂದು ಕೂತಿದೆ, ಬಿಳಿ ಗುಂಡಿ, ನಾಲ್ಕು ತೂತು, ಕುರ್ಚಿಯಲ್ಲಿ ಅಕ್ಕ ತೋಳು ಮೇಲೇರಿಸಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಮುಷ್ಟಿ ಬಿಗಿ ಹಿಡಿದು, ಕೈ ಚಾಚಿದ್ದಾಳೆ, ಆಯ್ತಾ ಅನ್ನುತ್ತಿಲ್ಲ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ, ಕೈ ಚಾಚಿದ್ದಾಳೆ, ಚಾಚಿಯೇ ಇದ್ದಾಳೆ